ನೂರಕ್ಕೆ ಎರಡು ರೂಪಾಯಿ ಯಾರ ಜೇಬಿನದು?

ಫೆಸ್ಟ್ ಹತ್ತಿರ ಬಂತು ಅಂದ್ರೆ ಸಾಕು, ಯಾವುದಾದರೂ ಒಂದು ಮೀಟಿಂಗ್‌ನಲ್ಲಿ ಈ ಮಾತು ಬಂದೇ ಬರುತ್ತೆ: "ಸ್ಟಾಲ್‌ಗಳಲ್ಲಿ ಕ್ರೆಡಿಟ್ ಕಾರ್ಡ್ ತಗೊಳ್ಳೋ ಹಾಗಿರ್ಬೇಕು ಮಗಾ. ಈಗೇನು ದೊಡ್ಡ ಮೆಷಿನ್ ಬೇಕಾ? ಫೋನಿಗೆ ಒಂದು ಪುಟ್ಟ ರೀಡರ್ ಕನೆಕ್ಟ್ ಮಾಡಿದ್ರೆ ಮುಗೀತು." ಎಲ್ಲರೂ ತಲೆಯಾಡಿಸ್ತಾರೆ. ಟೆಕ್ನಿಕಲ್ ಆಗಿ ಈ ಮಾತಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೀಟಿಂಗ್‌ನಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಗಿರಾಕಿ ನೂರು ರೂಪಾಯಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವರ ಖಾತೆಗೆ ಬರೋದು ಹೆಚ್ಚುಕಮ್ಮಿ ತೊಂಬತ್ತೆಂಟು. ಉಳಿದ ಎರಡು ರೂಪಾಯಿ ಯಾರ ಜೇಬಿನಿಂದ ಹೋಯ್ತು? ಯಾರ ಜೇಬಿಗೆ ಹೋಯ್ತು?

ಕಾರ್ಡ್ ರೀಡರ್ ಬೇಡ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಬೇಕಾದ ಕಡೆ ಅದು ಖಂಡಿತ ಬೇಕು. ಆದರೆ ದುಡ್ಡು ಕೊಡೋ ತಗೊಳ್ಳೋ ಸಾಧನಗಳನ್ನ ನಾವು ಇಂಜಿನಿಯರಿಂಗ್ ಹುಡುಗ್ರು, ಹುಡುಗೀರು ಬರೀ ಸರ್ಕ್ಯೂಟು, ಆ್ಯಪು ಅಂತ ನೋಡ್ತೀವಿ. ಖರ್ಚು ಯಾರಿಗೆ ಬೀಳುತ್ತೆ, ನಷ್ಟ ಆದ್ರೆ ಯಾರು ಹೊರಬೇಕು ಅನ್ನೋದೂ ಡಿಸೈನ್‌ನ ಭಾಗವೇ ಅನ್ನೋದು ನನ್ನ ವಾದ.

ಈ ಸಾಧನ ಹುಟ್ಟಿದ ಕಥೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ ಜಿಮ್ ಮೆಕೆಲ್ವಿ ಗಾಜಿನ ಕಲಾವಸ್ತುಗಳನ್ನ ಮಾಡಿ ಮಾರ್ತಿದ್ದವರು. ಒಮ್ಮೆ ಸುಮಾರು 2000 ಡಾಲರ್ ಬೆಲೆಯ ಗಾಜಿನ ನಲ್ಲಿಯ ವ್ಯಾಪಾರ ಅವರ ಕೈತಪ್ಪಿತು. ಗಿರಾಕಿ ಹತ್ತಿರ ಇದ್ದದ್ದು ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್. ಅದನ್ನ ತಗೊಳ್ಳೋ ವ್ಯವಸ್ಥೆ ಇವರ ಹತ್ತಿರ ಇರಲಿಲ್ಲ. 2009ರಲ್ಲಿ ಅವರು ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ಜೊತೆ ಸೇರಿ ಸ್ಕ್ವೇರ್ ಅನ್ನೋ ಕಂಪನಿ ಶುರು ಮಾಡಿದರು. ಫೋನಿನ ಹೆಡ್‌ಫೋನ್ ಜ್ಯಾಕ್‌ಗೆ ಸಿಕ್ಕಿಸೋ ಪುಟ್ಟ ಚೌಕದ ರೀಡರ್ ಅವರದ್ದು.

ಅದು ಎಷ್ಟು ಸರಳ ಅಂತ ಗೊತ್ತಾದ್ರೆ ನಗು ಬರುತ್ತೆ. ಕಾರ್ಡಿನ ಹಿಂದಿರೋ ಕಪ್ಪು ಪಟ್ಟಿ ಹೆಚ್ಚುಕಮ್ಮಿ ಕ್ಯಾಸೆಟ್ಟಿನ ಟೇಪೇ. ಟೇಪ್ ರೆಕಾರ್ಡರ್‌ನಲ್ಲಿರೋ ಥರದ ಹೆಡ್ ಮೇಲೆ ಅದನ್ನ ಎಳೆದರೆ, ಪಟ್ಟಿಯಲ್ಲಿ ಕಾಂತೀಯ ದಿಕ್ಕು ಬದಲಾದ ಕಡೆಯೆಲ್ಲ ಒಂದು ಚಿಕ್ಕ ವೋಲ್ಟೇಜ್ ಹುಟ್ಟುತ್ತೆ. ಅದನ್ನ ಮೈಕ್ ಲೈನಿಗೆ ಕೊಟ್ಟರೆ ಫೋನಿನ ಪಾಲಿಗೆ ಅದೊಂದು ಶಬ್ದ ಅಷ್ಟೆ. ಒಂದು ಬಿಟ್‌ನ ಅವಧಿಯ ನಡುವೆ ಇನ್ನೊಂದು ಬದಲಾವಣೆ ಬಂದರೆ 1, ಬರದಿದ್ದರೆ 0. ಪಟ್ಟಿಯ ಶುರುವಿನಲ್ಲಿ ಸಾಲಾಗಿ ಸೊನ್ನೆಗಳಿರೋದ್ರಿಂದ ಕೈ ಯಾವ ವೇಗದಲ್ಲಿ ಎಳೀತಿದೆ ಅಂತ ಸಾಫ್ಟ್‌ವೇರ್ ಮೊದಲೇ ಲೆಕ್ಕ ಹಾಕ್ಕೊಳ್ಳುತ್ತೆ. ಎರಡನೇ ಟ್ರ್ಯಾಕ್‌ನಲ್ಲಿ ಇರೋದು ಹೆಚ್ಚೆಂದರೆ 40 ಅಕ್ಷರ, ಒಂದೊಂದಕ್ಕೂ ಪ್ಯಾರಿಟಿ ಸೇರಿ 5 ಬಿಟ್. ಇಸಿ ಬ್ರಾಂಚಿನವರು ಮನಸ್ಸು ಮಾಡಿದರೆ ಒಂದು ವಾರಾಂತ್ಯದಲ್ಲಿ ಬ್ರೆಡ್‌ಬೋರ್ಡ್ ಮೇಲೆ ಮಾಡಿ ತೋರಿಸಬಹುದು.

ಹಾಗಾದ್ರೆ ಇದರಲ್ಲಿ ಅಂಥಾ ದೊಡ್ಡ ವಿಷಯ ಏನಿತ್ತು? ಕಷ್ಟ ಇದ್ದದ್ದು ಕಾರ್ಡನ್ನ ಓದೋದ್ರಲ್ಲಿ ಅಲ್ಲ. ಓದೋ ಹಕ್ಕು ಯಾರಿಗೆ ಕೊಡ್ಬೇಕು ಅನ್ನೋದ್ರಲ್ಲಿ. ಕಾರ್ಡ್ ವ್ಯಾಪಾರದಲ್ಲಿ ಒಂದು ಅಪಾಯ ಯಾವಾಗ್ಲೂ ಇದೆ. ಗಿರಾಕಿ ಕೆಲವು ದಿನ ಬಿಟ್ಟು ಬ್ಯಾಂಕಿಗೆ ದೂರು ಕೊಟ್ಟು "ಇದು ನಾನು ಮಾಡಿದ ಖರ್ಚಲ್ಲ" ಅಂದ್ರೆ, ಆ ದುಡ್ಡನ್ನ ಅಂಗಡಿಯವರಿಂದ ವಾಪಸ್ ಎಳ್ಕೊಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಅಷ್ಟೊತ್ತಿಗೆ ಅಂಗಡಿಯವರು ಬಾಗಿಲು ಹಾಕಿ ಹೋಗಿದ್ದರೆ, ಅವರಿಗೆ ಮೆಷಿನ್ ಕೊಟ್ಟವರಿಗೆ ನಷ್ಟ. ಅದಕ್ಕೇ ಸಣ್ಣ ವ್ಯಾಪಾರಿಗಳು ಕಾರ್ಡ್ ತಗೊಳ್ಳೋಕೆ ಹೊರಟರೆ ಪುಟಗಟ್ಟಲೆ ಕಾಗದಪತ್ರ, ತಿಂಗಳ ಶುಲ್ಕ, ದೀರ್ಘ ಕರಾರು ಎಲ್ಲ ಎದುರಾಗ್ತಿತ್ತು. ಸ್ಕ್ವೇರ್ ಮಾಡಿದ ನಿಜವಾದ ಕೆಲಸ ಏನಂದ್ರೆ, ಅಂಥ ಸಣ್ಣಪುಟ್ಟ ವ್ಯಾಪಾರಿಗಳೆಲ್ಲರ ಪರವಾಗಿ ಬ್ಯಾಂಕಿನ ಮುಂದೆ ತಾನೇ ಜಾಮೀನಿನ ಹಾಗೆ ನಿಂತಿದ್ದು. ರೀಡರ್ ಪುಕ್ಕಟೆ, ತಿಂಗಳ ಶುಲ್ಕ ಇಲ್ಲ, ಉಜ್ಜಿದ ಮೊತ್ತಕ್ಕೆ 2.75 ಪರ್ಸೆಂಟ್. ಆ 2.75ರೊಳಗೆ ಬ್ಯಾಂಕಿನ ಪಾಲೂ ಇತ್ತು, ಮೋಸ ಆಗೋ ಸಾಧ್ಯತೆಯ ಬೆಲೆಯೂ ಇತ್ತು.

ಇನ್ನೊಂದು ಪ್ರಸಂಗ ನೋಡಿ. 2011ರ ಮಾರ್ಚ್‌ನಲ್ಲಿ ಸ್ವೈಪ್ ಮೆಷಿನ್ ತಯಾರಿಸೋ ವೆರಿಫೋನ್ ಕಂಪನಿ ಒಂದು ಗಂಭೀರ ಆಕ್ಷೇಪ ಎತ್ತಿತು. ಸ್ಕ್ವೇರ್ ರೀಡರ್ ಕಾರ್ಡಿನ ವಿವರವನ್ನ ಎನ್‌ಕ್ರಿಪ್ಟ್ ಮಾಡದೆ ಫೋನಿಗೆ ಕಳಿಸುತ್ತೆ, ಯಾರು ಬೇಕಾದ್ರೂ ಒಂದು ನಕಲಿ ಆ್ಯಪ್ ಬರೆದು ಕಾರ್ಡ್ ಕದೀಬಹುದು ಅಂತ. ಹೋಟೆಲ್‌ನಲ್ಲಿ ಬಿಲ್ ಕೊಡುವಾಗ ವೇಟರ್ ಕೈಗೆ ಕಾರ್ಡ್ ಕೊಟ್ಟರೂ ಅದೇ ಅಪಾಯ ಅನ್ನೋ ಅರ್ಥದ ಉತ್ತರ ಡಾರ್ಸಿ ಕೊಟ್ಟರು. ವೆರಿಫೋನ್‌ಗೆ ವ್ಯಾಪಾರದ ಹೊಟ್ಟೆಕಿಚ್ಚು ಇದ್ದಿರಬಹುದು, ಆದರೆ ಮಾತಿನಲ್ಲಿ ಹುರುಳಿತ್ತು. ಮುಂದಿನ ರೀಡರ್‌ಗಳಲ್ಲಿ ಎನ್‌ಕ್ರಿಪ್ಶನ್ ರೀಡರ್ ಒಳಗೇ ಬಂತು. ಬೆಲೆ ಉಳಿಸೋಕೆ ಡಿಸೈನರ್ ಬಿಟ್ಟ ಒಂದು ಚಿಪ್‌ನ ಅಪಾಯ ಕಾರ್ಡಿನ ಮಾಲೀಕರ ತಲೆ ಮೇಲೆ ಕೂತಿತ್ತು, ಅಷ್ಟೇ ವಿಷಯ.

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಬರೀ ಪಟ್ಟಿ ಉಜ್ಜಿ ಸಹಿ ಹಾಕೋ ಪದ್ಧತಿಯನ್ನ ರಿಸರ್ವ್ ಬ್ಯಾಂಕ್ ನಿಧಾನಕ್ಕೆ ಕಳಚಿಹಾಕಿ ಚಿಪ್ ಮತ್ತು ಪಿನ್ ತಂತು. ಪಟ್ಟಿ ಮಾತ್ರ ಇದ್ದ ಕಾರ್ಡುಗಳನ್ನ ಬದಲಾಯಿಸೋಕೆ 2018ರ ಡಿಸೆಂಬರ್ 31 ಕೊನೇ ದಿನ ಆಗಿತ್ತು. ಹಾಗಾಗಿ ಸ್ಕ್ವೇರ್‌ನ ಚೌಕವನ್ನ ಇಲ್ಲಿಗೆ ತಂದು ಹಾಗೇ ಸಿಕ್ಕಿಸೋ ಮಾತೇ ಇರಲಿಲ್ಲ. 2011ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಈಝೆಟ್ಯಾಪ್, ಮುಂಬೈನ ಎಂಸ್ವೈಪ್ ಇವೆಲ್ಲ ಫೋನಿನ ಜೊತೆ ಮಾತಾಡೋ ರೀಡರ್‌ಗಳನ್ನ ನಮ್ಮ ನಿಯಮಕ್ಕೆ ಹೊಂದಿಸಿ ತಂದವು. ಈಝೆಟ್ಯಾಪನ್ನ 2022ರಲ್ಲಿ ಬೆಂಗಳೂರಿನದೇ ರೇಜರ್‌ಪೇ ಕೊಂಡುಕೊಂಡಿತು.

ಅಷ್ಟರಲ್ಲಿ ಆಟವೇ ಬದಲಾಗಿತ್ತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯ್ತು. ಕ್ಯೂಆರ್ ಮಾಡಿದ ಚಮತ್ಕಾರ ಏನು ಗೊತ್ತಾ? ಅದುವರೆಗೆ ಮಾರೋರ ಯಂತ್ರ ಕೊಳ್ಳೋರ ಕಾರ್ಡನ್ನ ಓದ್ತಿತ್ತು. ಈಗ ಕೊಳ್ಳೋರ ಫೋನು ಮಾರೋರ ಕಾಗದವನ್ನ ಓದುತ್ತೆ. ಯಂತ್ರದ ಖರ್ಚು ಮಾರೋರಿಂದ ಕೊಳ್ಳೋರ ಕಡೆಗೆ ದಾಟಿಬಿಡ್ತು, ಮತ್ತು ಕೊಳ್ಳೋರ ಹತ್ತಿರ ಆ ಯಂತ್ರ ಮೊದಲೇ ಇತ್ತು! ಅದರ ಮೇಲೆ 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್, ಅಂದ್ರೆ ಅಂಗಡಿಯವರಿಂದ ಹಿಡಿದುಕೊಳ್ಳೋ ಶುಲ್ಕ, ಸೊನ್ನೆ ಆಯ್ತು. ಸೊನ್ನೆ ಅಂದ್ರೆ ಖರ್ಚೇ ಇಲ್ಲ ಅಂತಲ್ಲ. ಬ್ಯಾಂಕುಗಳು, ಆ್ಯಪ್ ಕಂಪನಿಗಳು ಹೊರ್ತಾವೆ, ಒಂದಷ್ಟನ್ನ ಸರ್ಕಾರ ಕೊಡುತ್ತೆ. 2024-25ನೇ ಸಾಲಿಗೆ ಕೇಂದ್ರ ಸರ್ಕಾರ ಇದಕ್ಕೆ ಸುಮಾರು 1500 ಕೋಟಿ ರೂಪಾಯಿಯ ಪ್ರೋತ್ಸಾಹಧನದ ಯೋಜನೆ ಮಾಡಿತ್ತು. ಟೀ ಅಂಗಡಿಯ ಅಣ್ಣ ಹದಿನೈದು ರೂಪಾಯಿಗೂ "ಸ್ಕ್ಯಾನ್ ಮಾಡಿ" ಅಂತ ಧೈರ್ಯವಾಗಿ ಹೇಳೋದು ಈ ಲೆಕ್ಕದ ಬಲದ ಮೇಲೆ.

ಕ್ರೆಡಿಟ್ ಕಾರ್ಡ್ ಮತ್ತೆ ಬರ್ತಿರೋದು ಈ ಹಿನ್ನೆಲೆಯಲ್ಲಿ. ಈಗಂತೂ ರೀಡರ್ ಕೂಡ ಬೇಡ. ಎನ್‌ಎಫ್‌ಸಿ ಇರೋ ಆಂಡ್ರಾಯ್ಡ್ ಫೋನಿದ್ದು, ಸರಿಯಾದ ಆ್ಯಪ್ ಮತ್ತು ವ್ಯಾಪಾರಿ ಖಾತೆ ಇದ್ರೆ, ಫೋನಿನ ಬೆನ್ನಿಗೆ ಕಾರ್ಡ್ ತಾಗಿಸಿದರೆ ಸಾಕು. 5000 ರೂಪಾಯಿವರೆಗೆ ಪಿನ್ ಕೂಡ ಕೇಳಲ್ಲ. ತುಂಬಾ ಚೆಂದ. ಆದರೆ ಯಂತ್ರ ಮಾಯ ಆದ ಮಾತ್ರಕ್ಕೆ ಎಂಡಿಆರ್ ಮಾಯ ಆಗಲಿಲ್ಲ. ಕ್ರೆಡಿಟ್ ಕಾರ್ಡಿನ ಆ ಎರಡು ರೂಪಾಯಿಯಲ್ಲಿ ದೊಡ್ಡ ಪಾಲು ಹೋಗೋದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದನ್ನ ವೀಸಾ, ಮಾಸ್ಟರ್‌ಕಾರ್ಡ್ ಥರದ ನೆಟ್‌ವರ್ಕು ಮತ್ತು ಅಂಗಡಿಗೆ ಸೇವೆ ಕೊಡೋರು ಹಂಚ್ಕೊತಾರೆ. ನಾವು ಹೆಮ್ಮೆಯಿಂದ ಸ್ಕ್ರೀನ್‌ಶಾಟ್ ಹಾಕೋ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕು ಇವೆಲ್ಲದರ ಬೇರು ಬಹುಮಟ್ಟಿಗೆ ಅಲ್ಲೇ ಇದೆ. ಅಂದ್ರೆ ನಮ್ಮ ಪಾಯಿಂಟಿನ ದುಡ್ಡಲ್ಲಿ ಒಂದಷ್ಟು ಅಂಗಡಿಯವರದ್ದೇ.

ಲೆಕ್ಕ ಹಾಕಿ ನೋಡೋಣ. ಒಂದು ಮಸಾಲೆ ದೋಸೆಗೆ 60 ರೂಪಾಯಿ, ಅದರಲ್ಲಿ ಉಳಿಯೋದು 6 ರೂಪಾಯಿ ಅಂತ ಇಟ್ಕೊಳ್ಳಿ. ಎರಡು ಪರ್ಸೆಂಟ್ ಅಂದ್ರೆ 1 ರೂಪಾಯಿ 20 ಪೈಸೆ. ಕೇಳೋಕೆ ಚಿಲ್ಲರೆ. ಆದರೆ ಅದು ಲಾಭದ ಐದನೇ ಒಂದು ಭಾಗ! ಅದೇ ಹುಡುಗ ಯುಪಿಐನಲ್ಲಿ ಕೊಟ್ಟಿದ್ದರೆ ಆ ದುಡ್ಡು ಉಳೀತಿತ್ತು, ದೋಸೆಯ ರುಚಿಯೂ ಬದಲಾಗ್ತಿರಲಿಲ್ಲ. ಈಗ ಇಳಕಲ್ ಸೀರೆಯೋ ಚನ್ನಪಟ್ಟಣದ ಗೊಂಬೆಯೋ ಮಾರೋ ಸ್ಟಾಲ್ ನೆನೆಸ್ಕೊಳ್ಳಿ. 8000 ರೂಪಾಯಿಯ ಸೀರೆ, ಲಾಭ 1200. ಫೆಸ್ಟ್ ನೋಡೋಕೆ ಬಂದ ಯಾರದೋ ಅಮ್ಮನಿಗೆ ಸೀರೆ ಇಷ್ಟ ಆಗಿದೆ, ತಿಂಗಳ ಕೊನೆ, ಖಾತೆಯಲ್ಲಿ ಅಷ್ಟಿಲ್ಲ, ಕಾರ್ಡ್ ಇದೆ. ಇಲ್ಲಿ 160 ರೂಪಾಯಿ ಕೊಟ್ಟು 1200ರ ವ್ಯಾಪಾರ ಹಿಡ್ಕೊಳ್ಳೋದು ಜಾಣತನ. ಮೆಕೆಲ್ವಿಯ ಗಾಜಿನ ನಲ್ಲಿಯ ಕಥೆಯೂ ಇದೇ ಅಲ್ವಾ? ದೊಡ್ಡ ಮೊತ್ತ, ಬೇರೆ ದಾರಿ ಇಲ್ಲದ ಗಿರಾಕಿ. ಅಂಥ ಕಡೆ ಕಾರ್ಡ್ ರೀಡರ್ ವರ. ದೋಸೆಯ ಕಡೆ ಅದು ನಮ್ಮ ಶೋಕಿಗೆ ಬೇರೆಯವರು ಕಟ್ಟೋ ಬಿಲ್.

"ಅದಕ್ಕೇ ತಾನೆ ಯುಪಿಐಗೇ ಕ್ರೆಡಿಟ್ ಕಾರ್ಡ್ ಸೇರಿಸಿರೋದು?" ಅಂತ ಕೇಳ್ತೀರಿ. ಹೌದು, 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಬಹುದು. ಸಣ್ಣ ವ್ಯಾಪಾರಿಗಳಿಗೆ 2000 ರೂಪಾಯಿವರೆಗಿನ ಪಾವತಿಗೆ ಶುಲ್ಕ ಇಲ್ಲ ಅಂತಲೂ ಮಾಡಿದ್ದಾರೆ. ಒಳ್ಳೇ ನಿರ್ಧಾರ. ದೋಸೆಗೂ ಸೀರೆಗೂ ಇರೋ ವ್ಯತ್ಯಾಸವನ್ನ ನಿಯಮ ಮಾಡಿದವರೂ ಒಪ್ಪಿದ್ದಾರೆ ಅಂತ ನಾನು ಓದ್ಕೊತೀನಿ. "ಗಿರಾಕಿಯಿಂದ್ಲೇ ಎರಡು ಪರ್ಸೆಂಟ್ ಎಕ್ಸ್‌ಟ್ರಾ ತಗೊಂಡ್ರಾಯ್ತು" ಅನ್ನೋರೂ ಇದ್ದಾರೆ. ಡೆಬಿಟ್ ಕಾರ್ಡಿನ ಶುಲ್ಕವನ್ನ ಗಿರಾಕಿ ಮೇಲೆ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ನಿಯಮ ಪಕ್ಕಕ್ಕಿಟ್ಟರೂ, ಕ್ಯೂನಲ್ಲಿ ನಿಂತ ಇಪ್ಪತ್ತು ಜನರ ಮುಂದೆ ಎರಡು ರೂಪಾಯಿಗೆ ಜಗಳ ಆಡೋದು ಸ್ಟಾಲ್‌ನವರೇ ಹೊರತು ಕಮಿಟಿಯಲ್ಲ.

ಗೊತ್ತಿಲ್ಲದ ಲೆಕ್ಕಕ್ಕೆ ಸಹಿ ಹಾಕಿಸಿದರೆ ಏನಾಗುತ್ತೆ ಅಂತ 2025ರ ಜುಲೈನಲ್ಲಿ ಕರ್ನಾಟಕವೇ ನೋಡಿತು. ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸ್ತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನೋದು ಕಾನೂನು. ಬೆಂಗಳೂರಿನ ಅಂಗಡಿಗಳ ಮುಂದೆ "ನೋ ಯುಪಿಐ, ಓನ್ಲಿ ಕ್ಯಾಶ್" ಅನ್ನೋ ಚೀಟಿಗಳು ಬಂದವು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಸರ್ಕಾರ ಹೇಳಿದ ಮೇಲೆ ಬಿಸಿ ಆರಿತು. ತೆರಿಗೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನನಗೆ ಕಂಡದ್ದು ಇಷ್ಟು: ಕ್ಯೂಆರ್ ಅಂಟಿಸುವಾಗ "ಇದರಲ್ಲಿ ಬರೋ ಪ್ರತಿ ರೂಪಾಯಿಯೂ ಲೆಕ್ಕಕ್ಕೆ ಸಿಗುತ್ತೆ, ಮನೆ ದುಡ್ಡು ಅಂಗಡಿ ದುಡ್ಡು ಬೇರೆ ಇಡಿ" ಅಂತ ಅವರ ಭಾಷೆಯಲ್ಲಿ ಕೂತು ಹೇಳಿದವರು ಕಡಿಮೆ. ಒಂದೇ ವಾರದಲ್ಲಿ ಅಷ್ಟು ವರ್ಷದ ನಂಬಿಕೆ ಅಲ್ಲಾಡಿಹೋಯ್ತು.

ಅದಕ್ಕೇ ನನ್ನ ಸಲಹೆ ಇದು. ಫೆಸ್ಟ್‌ನಲ್ಲಿ ಕಾರ್ಡ್ ಬೇಕು ಅಂತಾದ್ರೆ ಪ್ರತಿ ಸ್ಟಾಲಿಗೂ ಕಡ್ಡಾಯ ಮಾಡೋದು ಬೇಡ. ದೊಡ್ಡ ಮೊತ್ತದ ಖರೀದಿಗೆ ಅಂತ ಕಮಿಟಿಯದೇ ಒಂದು ಕೌಂಟರ್ ಇರಲಿ, ಅದರ ಶುಲ್ಕ ಫೆಸ್ಟ್ ಬಜೆಟ್‌ನಿಂದ ಹೋಗಲಿ. ಸ್ವಂತ ರೀಡರ್ ಇಟ್ಕೊತೀನಿ ಅನ್ನೋ ಸ್ಟಾಲ್‌ನವರಿಗೆ ಮೊದಲೇ ಒಂದು ಪುಟದ ಕನ್ನಡ ಹಾಳೆ ಕೊಡೋಣ: ನೂರಕ್ಕೆ ಎಷ್ಟು ಹಿಡ್ಕೊತಾರೆ, ದುಡ್ಡು ಖಾತೆಗೆ ಯಾವತ್ತು ಬರುತ್ತೆ, ಚಾರ್ಜ್‌ಬ್ಯಾಕ್ ಅಂದ್ರೇನು, ಬಿಲ್ ಯಾಕೆ ಎತ್ತಿಡಬೇಕು, ನೆಟ್‌ವರ್ಕ್ ಹೋಗಿ ಅರ್ಧಕ್ಕೆ ನಿಂತರೆ ಯಾರಿಗೆ ಫೋನ್ ಮಾಡ್ಬೇಕು. ಕರಾರಿನ ಇಂಗ್ಲಿಷನ್ನ ಬಿಡಿಸಿ ಹೇಳೋ ಈ ಕೆಲಸ ಕನ್ನಡ ಸಂಘದ್ದಲ್ಲದೆ ಇನ್ಯಾರದ್ದು? ರಾಜ್ಯೋತ್ಸವದ ದಿನ ಬಾವುಟ ಹಾರಿಸಿದಷ್ಟೇ ಇದೂ ಕನ್ನಡದ ಕೆಲಸ.

ಇನ್ನು ಪ್ರಾಜೆಕ್ಟ್ ಮಾಡೋರಿಗೆ. ಪ್ರತಿ ವರ್ಷ ಆರ್‌ಎಫ್‌ಐಡಿ ಕಾರ್ಡಿನ ಕ್ಯಾಂಟೀನ್ ಬಿಲ್ಲಿಂಗು, ಸ್ಮಾರ್ಟ್ ಪೇಮೆಂಟು ಅಂತ ಹತ್ತಾರು ಮಾಡೆಲ್‌ಗಳು ಬರ್ತಾವೆ. ಬ್ಲಾಕ್ ಡಯಾಗ್ರಾಂ ಆದ್ಮೇಲೆ ಒಂದೇ ಒಂದು ಪುಟ ಹೆಚ್ಚಿಗೆ ಬರೀರಿ. ಪ್ರತಿ ವಹಿವಾಟಿನ ಖರ್ಚು ಯಾರದು, ತಪ್ಪಾದ್ರೆ ದುಡ್ಡು ಕಳ್ಕೊಳ್ಳೋರು ಯಾರು, ಅವರು ಇದಕ್ಕೆ ಒಪ್ಪಿದ್ದಾರಾ? ವೈವಾದಲ್ಲಿ ಈ ಪ್ರಶ್ನೆ ಬರದೇ ಇರಬಹುದು. ಕ್ಯಾಂಟೀನ್ ಅಕ್ಕ ಮಾತ್ರ ಮೊದಲ ದಿನವೇ ಕೇಳ್ತಾರೆ.