ಚಳಿಯ ದಾಖಲೆ ಮತ್ತು ಕಂಬಳಿ

ಬೀದರ್, ವಿಜಯಪುರ, ಕಲಬುರಗಿಯ ಕಡೆ ಚಳಿ ಬಿಗಿಯಾಗುವ ಕಾಲ ಬಂತು. ಆಕಾಶ ತಿಳಿಯಾಗಿ ಹವೆ ಒಣಗಿತೆಂದರೆ ನೆಲದ ಕಾವು ರಾತ್ರಿಯೇ ಹಾರಿಹೋಗುತ್ತದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ಆ ವಾಡಿಕೆ ಗೊತ್ತಾಗುವುದು ದಶಕಗಳ ದಾಖಲೆಯಿಂದಲೇ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ಇತ್ತೆಂದು ಇಂದಿಗೂ ಹೇಳಬಲ್ಲೆವು. ದಿನವೂ ಮಾಪಕ ನೋಡಿ ಬರೆದಿಟ್ಟವರಿಗೆ ನಾವು ಋಣಿಗಳು. ಆದರೆ ಮುನ್ಸೂಚನೆ ಮೊಬೈಲ್ ಪರದೆಯಲ್ಲೇ ಉಳಿಯಬಾರದು. ಕಬ್ಬು ಕಟಾವಿಗೆ ಬಂದು, ಹಸುಗೂಸುಗಳೊಂದಿಗೆ ಹೊಲದಂಚಿನ ಗುಡಿಸಲಲ್ಲಿ ಮಲಗುವ ಕುಟುಂಬಗಳಿಗೆ ಎಚ್ಚರಿಕೆಯ ಜೊತೆ ಕಂಬಳಿಯೂ ತಲುಪಬೇಕು. ಗ್ರಾಮ ಪಂಚಾಯಿತಿಗಳು ಅಂಥವರ ಪಟ್ಟಿಯನ್ನು ಈ ವಾರವೇ ಸಿದ್ಧಪಡಿಸಲಿ.