ಬೇತಾಳನ ಪ್ರಶ್ನೆಗೆ ಉತ್ತರ ಯಾರು ಹೇಳಬೇಕು?

1985ರಲ್ಲಿ ದೂರದರ್ಶನದಾಗ ರಮಾನಂದ ಸಾಗರರ ‘ವಿಕ್ರಮ್ ಔರ್ ಬೇತಾಳ್’ ಬಂತು. ಧಾರಾವಾಹಿ ಬಣ್ಣದ್ದು, ನಾವು ನೋಡಿದ ಟಿವಿ ಕಪ್ಪು-ಬಿಳುಪು. ಕರೆಂಟ್ ಹೋದರೆ ಕಥಿಯೂ ಹೋಗ್ತಿತ್ತು. ಈಗ ಅದನ್ನೇ ಮೊಮ್ಮಕ್ಕಳು ಸೀಡಿ ಹಾಕಿ ನೋಡ್ತಾರ. ದಾಮರಗಿದ್ದದಾಗ ಕೆಲವರು ಅಂತಾರ: “ಸಾಲಿ ಕಲಿಯೋ ಹುಡುಗರಿಗೆ ದೆವ್ವದ ಕಥಿ ಯಾಕ? ಮೂಢನಂಬಿಕೆ ಬೆಳೀತದ.” ಈ ಮಾತು ನಾನು ಒಪ್ಪೋದಿಲ್ಲ.

ಬೇತಾಳ ಬರೇ ಹೆದರಿಸೋ ದೆವ್ವ ಅಲ್ರಿ, ಪ್ರಶ್ನೆ ಕೇಳೋ ದೆವ್ವ. ಉತ್ತರ ಗೊತ್ತಿದ್ದೂ ರಾಜ ಸುಮ್ಮನಿದ್ದರೆ ತಲೆ ಹೋಳಾಗ್ತದ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕ. ಗೊತ್ತಿದ್ದವನು ಸುಮ್ಮನಿರಬಾರದು ಅನ್ನೋದು ಮೂಢನಂಬಿಕೆಯೇನು? 11ನೇ ಶತಮಾನದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರದಾಗೂ ಈ ಕಥೆಗಳು ಅದಾವ. ಅಲ್ಲಿ ಕೊನೆಯ ಪ್ರಶ್ನೆಗೆ ರಾಜನಿಗೂ ಉತ್ತರ ತಿಳಿಯಲಿಲ್ಲ, ಸುಮ್ಮನೆ ನಡೆದ. ಅದೂ ಒಂದು ಪಾಠವೇ.

ತಪ್ಪು ಕಥಿದಲ್ಲ, ನೋಡೋ ರೀತಿದು. ನಾನು ಹಾಡುವಾಗ ಮುಂದೆ ಕೂತವರು ಹೂಂಗುಟ್ಟದಿದ್ದರೆ ಪದ ಮುಂದಕ್ಕ ಹೋಗೋದಿಲ್ಲ. ಸೀಡಿಗೆ ಯಾರ ಹೂಂ ಬೇಕಾಗಿಲ್ಲ. ಬೇತಾಳ ಕೇಳ್ತಾನ, ರಾಜನೇ ಹೇಳ್ತಾನ, ಹುಡುಗರು ಬಾಯಿ ಮುಚ್ಚಿ ಕೂತಿರ್ತಾರ. ಅಂದು ಕಥಿ ನಿಲ್ಲಿಸೋದು ನಮ್ಮ ಕೈಯಾಗ ಇರಲಿಲ್ಲ. ಇಂದು ರಿಮೋಟ್ ಕೈಯಾಗೇ ಅದ.

ಆದ್ದರಿಂದ ಮಾಸ್ತರರೇ, ತಾಯಂದಿರೇ, ಸೀಡಿ ಕಸಿದುಕೊಳ್ಳಬೇಡ್ರಿ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ನಿಲ್ಲಿಸ್ರಿ. “ನೀ ರಾಜ ಆಗಿದ್ರ ಏನ್ ಹೇಳ್ತಿದ್ದಿ?” ಅಂತ ಕನ್ನಡದಾಗ ಕೇಳ್ರಿ. ಪೇಟೆಯಾಗ ತೆಲುಗು, ಟಿವಿಯಾಗ ಹಿಂದಿ. ಮಕ್ಕಳು ಯೋಚಿಸಿ ಉತ್ತರ ಹೇಳೋದಾದರೂ ಮನಿಯಾಗ ಕನ್ನಡದಾಗ ಆಗಲಿ.