ಗಲ್ಲಾಪೆಟ್ಟಿಗೆಯ ಲೆಕ್ಕ, ಊಟದೆಲೆಯ ಲೆಕ್ಕ

ಮಂಗಳೂರಿನ ಬಂದರ್ ಸಗಟು ವ್ಯಾಪಾರದ ಪೇಟೆ. ಲೆಕ್ಕವಿಡದೆ ಅಲ್ಲಿ ಅಂಗಡಿ ನಡೆಯದು. ಇಂದು ಲೆಕ್ಕವೆಂಬುದು ಮೊಬೈಲನ್ನೂ ಏರಿ ಕುಳಿತಿದೆ. ಕ್ಷೌರದಂಗಡಿಗೊಂದು ತಂತ್ರಾಂಶ, ಊಟದೆಲೆಗೊಂದು ಆ್ಯಪ್! ಇವೆರಡರಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದುದು ಯಾವುದು?

ಕ್ಷೌರದಂಗಡಿಯ ತಂತ್ರಾಂಶವು ಗಿರಾಕಿಗಳ ಸರದಿಯನ್ನೂ ಬಿಲ್ಲನ್ನೂ ಕೆಲಸಗಾರರ ಪಾಲನ್ನೂ ದಾಖಲಿಸುತ್ತದೆ. ಅದು ತಪ್ಪಿದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆಯೇ ಸಾಕ್ಷಿ ನುಡಿಯುತ್ತದೆ.

ಊಟದ ಲೆಕ್ಕಕ್ಕೆ ಅಂಥ ಸಾಕ್ಷಿಯಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ 528 ಆಹಾರಗಳ ವಿವರವಿದೆ, ನಿಜ. ಆದರೆ ಬಂಗುಡೆಯ ಗಸಿಗೆ ಮನೆಯಾಕೆ ಅರೆದು ಹಾಕಿದ ತೆಂಗಿನಕಾಯಿ ಎಷ್ಟೆಂಬುದನ್ನು ಯಾವ ಕೋಷ್ಟಕ ಬಲ್ಲದು? ಒಂದು ಗ್ರಾಂ ಕೊಬ್ಬಿಗೆ 9 ಕಿಲೊಕ್ಯಾಲೊರಿ. ಬರೆಯಲು ಮರೆತ 10 ಗ್ರಾಂ ಎಣ್ಣೆಯೊಂದೇ 90 ಕಿಲೊಕ್ಯಾಲೊರಿಯನ್ನು ಮರೆಮಾಡುತ್ತದೆ.

ಹಾಗೆಂದು ಆ್ಯಪ್ ನಿರರ್ಥಕವಲ್ಲ. ಎರಡು ವಾರ ಪ್ರಾಮಾಣಿಕವಾಗಿ ಬರೆದಿಟ್ಟರೆ ತಿನ್ನುವ ರೂಢಿಯು ಕಣ್ಣಿಗೆ ಕಟ್ಟುತ್ತದೆ. ಆದರೆ ಇನ್ಸುಲಿನ್ ಪಡೆಯುವ ಮಧುಮೇಹಿಯು ಅದರ ಅಂಕಿಗೆ ಬೆದರಿ ತಾನಾಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಒದಗಬಹುದು. ಗಲ್ಲೆಯ ಲೆಕ್ಕ ತಪ್ಪಿದರೆ ನಾಳೆ ಸರಿಪಡಿಸಬಹುದು. ಊಟದ ಲೆಕ್ಕವನ್ನಾದರೋ ಬರಿಯ ಅಂದಾಜೆಂದು ಬಗೆದು, ಅದನ್ನು ವೈದ್ಯರ ಮುಂದಿಟ್ಟು ಅವರ ಮಾತಿನಂತೆ ನಡೆಯುವುದೇ ಲೇಸು.